ಉಜ್ಜಿ ಅಳಿಸಿದ ನಂಬರುಗಳು

ಅಣ್ಣ ರೇಡಿಯೊ ರಿಪೇರಿಯವನು. ಅಂಗಡಿಯ ಹಿಂದಿನ ಕೋಣೆಯಲ್ಲಿ ಐದು ವರ್ಷ ಕೂತು ಒಂದು ಕಂಪ್ಯೂಟರ್ ಮಾಡಿದ. ನಮ್ಮೂರಿನ ಬ್ಯಾಂಕಿನವರೂ ಆಗಿನ್ನೂ ಅದನ್ನು ಚಿತ್ರದಲ್ಲಷ್ಟೇ ನೋಡಿದ್ದರು. ಅಣ್ಣನದು ಮರದ ಪೆಟ್ಟಿಗೆ, ಮುಂದೆ ಟೈಪ್‌ರೈಟರಿನ ಕೀಲಿಗಳು. ಮನೆಯ ಟೀವಿಗೆ ಅದರ ತಂತಿ ಸಿಕ್ಕಿಸಿದರೆ ತೆರೆಯ ಮೇಲೆ ಅಕ್ಷರ ಮೂಡುತ್ತಿತ್ತು. ಟೀವಿ ಕೈತಪ್ಪಿತೆಂದು ಅತ್ತಿಗೆ ಮೂಗು ಮುರಿದಳು. ಆದರೆ ತನ್ನ ಹೆಸರು ಅದರಲ್ಲಿ ಮೂಡಿದಾಗ ಮೂರು ಸಲ ಓದಿಕೊಂಡಳು.

ನಾನು ಹುಟ್ಟಾ ಸಂಶಯದವಳು. ಒಮ್ಮೆ ಪೇಟೆಯ ವ್ಯಾಪಾರಿಯೊಬ್ಬ ಬಂದು ಪೆಟ್ಟಿಗೆಯ ಮುಚ್ಚಳ ತೆಗೆಸಿ ಒಳಗೆ ಕಣ್ಣು ನೆಟ್ಟು ಕೂತ. ಒಳಗಿನ ಕರಿ ಚಿಪ್‌ಗಳ ಬೆನ್ನ ಮೇಲೆ ನಂಬರಿರುತ್ತದೆ. ಅದು ಸಿಕ್ಕಿದರೆ ಯಾರು ಬೇಕಾದರೂ ಅಂಥದ್ದೇ ಕೊಂಡು ತಂದು ಜೋಡಿಸಬಹುದು. ಅವನು ಹೋದ ಮೇಲೆ, ನಂಬರುಗಳನ್ನೆಲ್ಲ ಉಜ್ಜಿ ಹಾಕಿಬಿಡೋಣ ಎಂದೆ.

ಅಣ್ಣನಿಗೆ ಮನಸ್ಸಿರಲಿಲ್ಲ. "ರೇಡಿಯೊ ಮಾಡ್ದೋರು ಒಳಗೆ ನಕ್ಷೆ ಅಂಟಿಸಿರ್ತಾರೆ ಕಣೇ. ಅದರಿಂದ್ಲೇ ಇಷ್ಟು ದಿನ ನನ್ನ ಹೊಟ್ಟೆ ತುಂಬಿದ್ದು."

"ನಂಬರೆಲ್ಲ ತಲೇಲಿ ಇಟ್ಕೊ. ನಿನ್ನ ತಲೆ ಯಾರೂ ಕದಿಯಲ್ಲ" ಎಂದೆ.

ನನ್ನ ಹಟಕ್ಕೆ ಅವನು ಯಾವತ್ತು ಎದುರಾಡಿದ್ದ? ಅವನು ಚಿಪ್‌ಗಳನ್ನು ಬೆಸೆದು ಕೊಡುವುದು, ನಾನು ಸ್ಯಾಂಡ್‌ಪೇಪರಿನಿಂದ ಬೆನ್ನು ನುಣ್ಣಗೆ ಮಾಡುವುದು. ಅವನು ಬರೆದಿದ್ದ ನಕ್ಷೆಗಳನ್ನೂ ನಾನೇ ಒಲೆಗೆ ಹಾಕಿದೆ. ಎಂಥ ಜಾಣೆ ನಾನು!

ಅಂಥ ಮೂವತ್ತೊಂದು ಪೆಟ್ಟಿಗೆಗಳು ಮಾರಾಟವಾದವು. ಕದಿಯಲು ಒಂದು ನರಪಿಳ್ಳೆಯೂ ಬರಲಿಲ್ಲ. ಅಷ್ಟರಲ್ಲಿ ಹೊರಗಿನಿಂದ ಅಗ್ಗದ ಕಂಪ್ಯೂಟರುಗಳು ಬಂದವು, ಅಣ್ಣ ತೆಪ್ಪಗೆ ರೇಡಿಯೊಗಳಿಗೆ ಮರಳಿದ. ವಯಸ್ಸಾದ ಮೇಲೆ ಅವನಿಗೆ ಮರೆವು ಹಿಡಿಯಿತು. ಮೊದಲು ಕನ್ನಡಕ ಮರೆತ, ಆಮೇಲೆ ಅಂಗಡಿಯ ದಾರಿ. ಮಾರಿದ ಪೆಟ್ಟಿಗೆಗಳು ಕೆಟ್ಟಂತೆಲ್ಲ ಗುಜರಿಗೆ ಬಿದ್ದವು. ಬೇರೆ ರಿಪೇರಿಯವರು ಮುಚ್ಚಳ ತೆಗೆದು ನೋಡಿ ಕೈ ಚೆಲ್ಲುತ್ತಿದ್ದರಂತೆ.

ಕಳೆದ ತಿಂಗಳು ಶಾಲೆಯ ಟೀಚರೊಬ್ಬರು ಕೊನೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಂದರು. ಅದರಲ್ಲೇ ಇಪ್ಪತ್ತೈದು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ್ದರಂತೆ. ಈಗ ಒಂದೇ ಒಂದು ಚಿಪ್ ಸತ್ತಿದೆ, ಅದರ ನಂಬರು ಗೊತ್ತಾದರೆ ಸಾಕು ಎಂದರು.

ಅಣ್ಣ ಆ ಚಿಪ್ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಸವರಿ ಸವರಿ ನೋಡಿದ.

"ನಂಬರೇ ಇಲ್ವಲ್ಲ. ಯಾವ ದಡ್ಡ ಇದನ್ನ ಉಜ್ಜಿದ್ದು?"

"ನಾನೇ ಅಣ್ಣ."

ನನ್ನ ಮುಖ ನೋಡಿ ಅವನಿಗೆ ಅಯ್ಯೋ ಅನ್ನಿಸಿರಬೇಕು. ನನ್ನ ಕೈ ತಟ್ಟಿದ. "ಹೋಗ್ಲಿ ಬಿಡು. ಉಜ್ಜೋಕೆ ಮುಂಚೆ ಎಲ್ಲಾದ್ರೂ ಬರ್ಕೊಂಡಿರ್ತೀಯ. ತಗೊಂಡ್ಬಾ."

ಟೀಚರ್ ಆಸೆಯಿಂದ ನನ್ನತ್ತ ತಿರುಗಿದರು. ನಾನು ಎದ್ದು ಒಳಗೆ ಹೋಗಿ, ಇಲ್ಲವೆಂದು ಗೊತ್ತಿದ್ದೂ, ಅವನ ಮೇಜಿನ ಖಾನೆಗಳನ್ನು ಒಂದೊಂದಾಗಿ ಎಳೆದು ಹುಡುಕತೊಡಗಿದೆ.