ಈರಮ್ಮನ ಹೆಬ್ಬೆರಳು ನಿಂತ ಜಾಗ

ಕಂಡಿದ್ದನ್ನು, ಕೇಳಿ ಖಚಿತಪಡಿಸಿಕೊಂಡಿದ್ದನ್ನು ಮಾತ್ರ ಬರೆಯುವವನು ನಾನು. ನಾರಾಯಣಪೇಟೆಯಲ್ಲಿ ಇಷ್ಟು ವರ್ಷ ವರದಿಗಾರಿಕೆ ಹಾಗೆಯೇ ನಡೆದಿದೆ. ಮುಟ್ಟಿ ರೋಗ ಹೇಳುವವರ ಸುದ್ದಿ ಬಂದರೆ ನಕ್ಕು ಬದಿಗಿಡುತ್ತಿದ್ದೆ. ಈಗ ಹೇಳುವುದನ್ನೂ ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ನನ್ನ ಅಕ್ಕನನ್ನು ಗದ್ವಾಲಕ್ಕೆ ಕೊಟ್ಟಿದೆ. ಭಾವ ಸೀರೆ ನೇಯುತ್ತಾರೆ. ಕೆಲವು ವರ್ಷಗಳ ಹಿಂದೆ ಅವರಿಗೆ ಜಠರದ ಕ್ಯಾನ್ಸರ್ ಆಯಿತು. ಕರ್ನೂಲಿನ ಆಸ್ಪತ್ರೆಯೊಂದರಲ್ಲಿ ಜಠರವನ್ನೇ ತೆಗೆದು ಅನ್ನನಾಳಕ್ಕೆ ಕರುಳನ್ನು ಜೋಡಿಸಿದರು. ಮನೆಗೆ ಕಳಿಸುವ ದಿನ ವೈದ್ಯರು ನನ್ನನ್ನು ಕೂರಿಸಿಕೊಂಡು ಹೇಳಿದರು: ಸಕ್ಕರೆ ಕಾಯಿಲೆ ಇದೆ, ಬೀಡಿ ಸೇದಿದ ಮೈ, ಮೊದಲೇ ತೂಕ ಇಳಿದಿತ್ತು, ಆಪರೇಷನ್ನೂ ಬಹಳ ಹೊತ್ತು ಹಿಡಿಯಿತು. ಇಂಥವರಿಗೆ ಒಳಗೆ ಸೋಂಕು ತಗಲುವ ಭಯ ಹೆಚ್ಚು. ಜೋಡಿಸಿದ ಕಡೆ ಸೋರಿದರೆ ಜೀವಕ್ಕೇ ಅಪಾಯ. ಜ್ವರ ಬಂದರೆ ತಡಮಾಡಬೇಡಿ.

ನಾನು ನಾರಾಯಣಪೇಟೆಗೆ ಹೋಗಿ ರಜೆ ಹಾಕಿ, ಮಕ್ತಲ್ ಮೇಲಿಂದ ಗದ್ವಾಲಕ್ಕೆ ಬಂದು ಉಳಿದೆ. ಎರಡು ಗಂಟೆಗೊಮ್ಮೆ ಜ್ವರ ನೋಡುತ್ತಿದ್ದೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಪಕ್ಕದ ಮನೆಯ ಈರಮ್ಮ ಭಾವನನ್ನು ನೋಡಲು ಬಂದರು. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಎರಡೂ ಕೂಡುವ ಸಾಲಿನ ಮೇಲೆ ಹೆಬ್ಬೆರಳು ಎಳೆಯುತ್ತ ಹೋಗಿ, ಎಳೆ ಬಿಟ್ಟಲ್ಲಿ ನಿಲ್ಲಿಸಿ ಹೇಳುವುದು ಈ ಮುದುಕಿಯ ಕೆಲಸ. ಕಣ್ಣು ಮಂಜಾದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಮಂಚದ ಪಕ್ಕ ಕೂತು ಅದೂ ಇದೂ ಮಾತಾಡುತ್ತ ಭಾವನ ಹೊದಿಕೆಯ ಮೇಲೆ ಕೈಯಾಡಿಸಿದರು. ಎಡ ಪಕ್ಕೆಲುಬಿನ ಕೆಳಗೆ ಹೆಬ್ಬೆರಳು ನಿಂತಿತು.

“ಇಲ್ಲಿ ಬಿಟ್ಟೈತಿ ನೋಡಪಾ.”

ಭಾವ ನಕ್ಕರು. “ಅದು ಸೀರಿ ಅಲ್ಲಬೇ, ನನ್ನ ಹೊಟ್ಟಿ.”

“ಸೀರಿ ಆಗಿದ್ರ, ಬಿಚ್ಚಿ ನೇಯಿ ಅಂತ ನಿನ್ನ ಮಾರಿಗೇ ಒಗೀತಿದ್ದೆ. ಇದನ್ನ ಯಾರ ಮಾರಿಗೆ ಒಗೀಲಿ?” ಎಂದು ಈರಮ್ಮ ಚಹಾ ಕೂಡ ಕುಡಿಯದೆ ಎದ್ದು ಹೋದರು.

ಜ್ವರ ನೋಡಿದೆ, ಇರಲಿಲ್ಲ. ನಾಡಿಯೂ ಸರಿಯಿತ್ತು. ಅಕ್ಕ ಮಾತ್ರ ನನ್ನನ್ನು ಹಿತ್ತಿಲಿಗೆ ಕರೆದಳು. “ತಮ್ಮಾ, ಆಕಿ ಕೈ ತಪ್ಪಿದ್ದು ನಾ ಒಂದ್ಸಲನೂ ನೋಡಿಲ್ಲ. ಕರ್ಕೊಂಡು ಹೋಗೂನು ನಡಿ.”

“ದವಾಖಾನ್ಯಾಗ ಏನ್ ಹೇಳ್ಲಿ ಅಕ್ಕಾ? ಈರಮ್ಮವ್ವ ಅಂದ್ಳಂತ ಹೇಳ್ಲೇನು?”

ಅವಳು ಭಾವನ ಬಟ್ಟೆ ಚೀಲಕ್ಕೆ ತುಂಬಲು ಒಳಗೆ ಹೋದಳು. ಅರ್ಧ ಗಂಟೆ ಹಿತ್ತಿಲಲ್ಲೇ ಅತ್ತಿಂದಿತ್ತ ಓಡಾಡಿದೆ. ಕೊನೆಗೆ ವೈದ್ಯರಿಗೆ ಫೋನ್ ಮಾಡಿ, ಮಧ್ಯಾಹ್ನ ಎರಡರಿಂದ ನೂರಾ ಒಂದು ಡಿಗ್ರಿ ಜ್ವರ ಇದೆ ಎಂದೆ. ಅಂಥ ಜ್ವರ ಇರಲೇ ಇಲ್ಲ. ತಕ್ಷಣ ಬನ್ನಿ ಎಂದರು.

ಕರ್ನೂಲಿಗೆ ಹೊರಟ ಕಾರು ಅಲಂಪುರದ ತಿರುವು ದಾಟುವವರೆಗೂ ನನ್ನ ಬಗ್ಗೆ ನನಗೇ ನಾಚಿಕೆಯಾಗುತ್ತಿತ್ತು. ಆಸ್ಪತ್ರೆಯಲ್ಲೂ ಜ್ವರ ಸಿಗಲಿಲ್ಲ. ನಾನು ಹೇಳಿದ್ದ ಮಾತಿನ ಮೇಲೆಯೇ ಸ್ಕ್ಯಾನ್ ಮಾಡಿದರು. ಕರುಳು ಜೋಡಿಸಿದ ಕಡೆ ಸಣ್ಣದಾಗಿ ಸೋರಿತ್ತು, ಎಡಗಡೆ ಕೀವು ಕಟ್ಟತೊಡಗಿತ್ತು. ಆ ಸಂಜೆಯೇ ನಳಿಕೆ ಹಾಕಿ ಅದನ್ನು ಹೊರತೆಗೆದರು. ಮೂರು ವಾರದ ಮೇಲೆ ಭಾವ ಎದ್ದು ಓಡಾಡಿದರು. ಜ್ವರ ಏರುವವರೆಗೆ ಕಾದಿದ್ದರೆ ಈ ಮೈ ತಡೆಯುತ್ತಿರಲಿಲ್ಲ ಎಂದರು ವೈದ್ಯರು.

ಭಾವನಂಥವರಿಗೆ ಹೀಗಾಗುವುದು ಅಪರೂಪವಲ್ಲ. ಯಾರಾದರೂ ಸುಮ್ಮನೆ ಊಹಿಸಿದ್ದರೂ ನಿಜವಾಗಬಹುದಿತ್ತು. ಆದರೆ ಹೊರಗಿನ ಹೊಲಿಗೆ ಇದ್ದದ್ದು ಹೊಟ್ಟೆಯ ನಡುವೆ. ಒಳಗೆ ಏನನ್ನು ಎಲ್ಲಿ ಜೋಡಿಸಿದ್ದಾರೆಂದು ಈರಮ್ಮನಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಅವರನ್ನೇ ಕೇಳಿದೆ. “ನಂಗೇನ್ ಗೊತ್ತಪಾ,” ಎಂದರು. “ಬೆರಳು ನಿಂತ್ತು, ಹೇಳ್ದೆ.”

ಆಸ್ಪತ್ರೆಯ ಕಾಗದದಲ್ಲಿ ಮಧ್ಯಾಹ್ನ ಎರಡಕ್ಕೆ ಜ್ವರ ಎಂದೇ ಇದೆ. ವೈದ್ಯರು ಆ ಸಾಲನ್ನು ತೋರಿಸಿ ನನ್ನ ಎಚ್ಚರವನ್ನು ಹೊಗಳಿದರು. ಅದು ಸುಳ್ಳೆಂದು ಇವತ್ತಿಗೂ ಹೇಳಿಲ್ಲ. ಹೇಳಿದರೆ, ಮತ್ತೇಕೆ ಕರೆತಂದಿರಿ ಎಂದು ಕೇಳುತ್ತಾರೆ.