ಮನೆಯಲ್ಲಿ ಒಬ್ಬರು ಇರಬೇಕು

ಹೊಸ ಸೂಟ್‌ಕೇಸಿಗೆ ಒಂದು ವಾಸನೆ ಇರುತ್ತದೆ, ನೀವು ಗಮನಿಸಿದ್ದೀರೋ ಇಲ್ಲವೋ. ಹೊಸ ಕೊಡೆ, ಹೊಸ ಹವಾಯಿ ಚಪ್ಪಲಿ, ಅಂಗಡಿಯಿಂದ ಆಗಷ್ಟೇ ತಂದ ಟಾರ್ಪಾಲು, ಎಲ್ಲ ಸೇರಿದಂಥ ವಾಸನೆ. ಇವತ್ತು ಬೆಳಿಗ್ಗೆ ನನ್ನ ಮೊಮ್ಮಗಳು ಹರ್ಷಿತಾ ನಡುಮನೆಯಲ್ಲಿ ಅದನ್ನು ಬಿಚ್ಚಿಟ್ಟು, ಅಜ್ಜಿ, ಇದು ನಿಂದು ಅಂದಳು. ನಾನು ಅದರೊಳಕ್ಕೆ ಮುಖ ಹಾಕಿ ಮೂಸಿದೆ. ಎಪ್ಪತ್ತು ದಾಟಿದ ಹೆಂಗಸು ಪೆಟ್ಟಿಗೆಯೊಳಗೆ ತಲೆ ಹಾಕಿ ಕೂತರೆ ನೋಡಿದವರು ಏನಂದುಕೊಳ್ಳುತ್ತಾರೆ ಅನ್ನುವ ಯೋಚನೆಯೇ ಬರಲಿಲ್ಲ. ಬಂದಿದ್ದರೂ ತಲೆ ತೆಗೆಯುತ್ತಿರಲಿಲ್ಲ.

ನಾನು ಶ್ರೀಲಂಕಾಕ್ಕೆ ಹೋಗುತ್ತಿದ್ದೇನೆ. ಕಗ್ಗದಾಸಪುರದ ನಮ್ಮ ಬೀದಿಗೆ ಬರುವ ತರಕಾರಿ ಗಾಡಿಯವನಿಗೂ ಈ ವಿಷಯ ಹೇಳಿಯಾಗಿದೆ, ಅವನೇನೂ ಕೇಳಿರಲಿಲ್ಲ. ಪಾಸ್‌ಪೋರ್ಟಿನ ಫೋಟೋದಲ್ಲಿ ನಗಬಾರದಂತೆ. ಮುಖ ಗಂಟು ಹಾಕಿಕೊಳ್ಳಿ ಅಜ್ಜಿ ಅಂತ ಆ ಸ್ಟುಡಿಯೋದವನು ಬೇಡಿಕೊಂಡಷ್ಟೂ ನನಗೆ ನಗು. ಕೊನೆಗೆ ಬಂದ ಫೋಟೋದಲ್ಲಿ ಬಾಯಿ ಮುಚ್ಚಿದೆ, ಕೆನ್ನೆ ಮಾತ್ರ ಮಾತು ಕೇಳಿಲ್ಲ.

ಹರ್ಷಿತಾ ಇಂದಿರಾನಗರದ ಒಂದು ಪಾರ್ಲರಿನಲ್ಲಿ ಮದುವೆ ಹೆಣ್ಣುಗಳಿಗೆ ಅಲಂಕಾರ ಮಾಡುತ್ತಾಳೆ. ಮುಹೂರ್ತಗಳಿದ್ದಾಗ ಅವಳಿಗೆ ಊಟಕ್ಕೂ ಬಿಡುವಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ಅದೇ ಅವಳ ರಜೆ. ಆಷಾಢದಲ್ಲಿ ಯಾರಾದರೂ ಹೊರಡುತ್ತಾರಾ ಅಂತ ಕೇಳಿದವರಿದ್ದಾರೆ. ನನ್ನ ಮೊಮ್ಮಗಳಿಗೆ ಬಿಡುವು ಕೊಟ್ಟ ತಿಂಗಳನ್ನು ನಾನು ಯಾಕೆ ಬೈಯಲಿ? ಅವಳು ಫೋನಿನಲ್ಲಿ ಸಮುದ್ರದ ಅಂಚಿನಲ್ಲೇ ಓಡುವ ರೈಲೊಂದನ್ನು ತೋರಿಸಿ, ಇದರ ಕಿಟಕಿ ಪಕ್ಕ ನೀನು ಕೂತ್ಕೋಬೇಕು ಅಂದಿದ್ದಳು. ಅದನ್ನು ನೋಡಿ ನನ್ನ ಮಗ ಮುನಿರಾಜು, ಸೊಸೆ ಸುಜಾತ ಇಬ್ಬರೂ ತಾವೂ ಬರುತ್ತೇವೆ ಅಂದರು. ನಾಲ್ಕು ಜನ ಅಂತಾಯಿತು. ಆಮೇಲೆ ಇನ್ಶೂರೆನ್ಸಿನ ಮಾತು ಬಂತು. ಬಂದು, ನಾಲ್ಕರಲ್ಲಿ ನನ್ನನ್ನು ಕಳೆಯುವುದರಲ್ಲಿತ್ತು.

ಪ್ರಯಾಣಕ್ಕೂ ಇನ್ಶೂರೆನ್ಸ್ ಇದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಸ್ಕೂಟರಿಗಿದೆ, ಪ್ರಾಣಕ್ಕಿದೆ, ಅಷ್ಟು ಗೊತ್ತು. ಹೋದ ಭಾನುವಾರ ಊಟವಾದ ಮೇಲೆ ಹರ್ಷಿತಾ ಬಿಡಿಸಿ ಹೇಳಿದಳು. ಬ್ಯಾಗು ಕಳೆದರೆ, ವಿಮಾನ ತಪ್ಪಿದರೆ, ಅಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದರೆ, ಕಾಲು ಮುರಿದರೆ ಅವರು ದುಡ್ಡು ಕೊಡುತ್ತಾರೆ. ಮೊದಲೇ ಇರುವ ಕಾಯಿಲೆಗೆ ಕೊಡುವುದು ಕಮ್ಮಿ, ಜೀವಕ್ಕೇ ಬಂದಾಗ ಮಾತ್ರ, ಅದೂ ಒಂದು ಮಿತಿಯವರೆಗೆ. ನನಗೋ ಶುಗರ್ ಇದೆ, ಎದೆಗೆ ಸ್ಟೆಂಟ್ ಹಾಕಿದ್ದಾರೆ. ಹಾಗಾದರೆ ನಾನು ಹೊಸದಾಗಿ ಏನಾದರೂ ಮುರಿದುಕೊಳ್ಳಬೇಕು, ಹಳೆಯದನ್ನು ನೆಚ್ಚಿಕೊಳ್ಳುವ ಹಾಗಿಲ್ಲ ಅಂದೆ. ಅವಳು ನಕ್ಕಳು. ಮುನಿರಾಜು ನಗಲಿಲ್ಲ. ನನ್ನ ವಯಸ್ಸಿಗೆ ಕೇಳಿದ ಹಣ ಉಳಿದ ಮೂವರದನ್ನು ಒಟ್ಟು ಸೇರಿಸಿದ್ದಕ್ಕಿಂತ ಜಾಸ್ತಿಯಿತ್ತು. ಶುಗರಿನ ವಿಷಯ ಹೇಳದೆ ಬಿಟ್ಟರೆ ಕಮ್ಮಿಯಾಗುತ್ತದಲ್ಲ ಅಂತ ಅವನು ಒಂದು ದಾರಿ ಹುಡುಕಿದ. ಮುಚ್ಚಿಟ್ಟರೆ ಬೇಕಾದ ಹೊತ್ತಿಗೆ ಅವರು ಕೈ ಎತ್ತಿಬಿಡುತ್ತಾರೆ ಅಂತ ಮೊಮ್ಮಗಳು ವಾದಿಸಿದಳು. ನನಗೆ ಸಿಟ್ಟು ಬಂದದ್ದು ಬೇರೆಯದೇ ಕಾರಣಕ್ಕೆ.

“ನನ್ನ ಶುಗರ್ ಏನು ಕದ್ದ ಮಾಲೇನೋ, ಮುಚ್ಚಿಡೋಕೆ?” ಅಂದೆ.

ಆಗ ಅವನು ಆ ಮಾತು ಆಡಿದ. “ಅಮ್ಮ, ಇಷ್ಟೆಲ್ಲ ರಿಸ್ಕ್ ಯಾಕೆ? ನೀನು ಇಲ್ಲೇ ಇದ್ಬಿಡು. ಟ್ಯಾಂಕರ್ ಬರುತ್ತೆ, ಮೋಟರ್ ಹಾಕ್ಬೇಕು, ಇಲ್ದಿದ್ರೆ ಬಾಡಿಗೆಯವರು ಕೂಗಾಡ್ತಾರೆ. ಮನೇಲಿ ಒಬ್ರು ಇರ್ಬೇಕಲ್ಲ.”

ಮನೆಯಲ್ಲಿ ಒಬ್ಬರು ಇರಬೇಕು. ಈ ಮಾತನ್ನು ನಾನು ಮೊದಲ ಸಲ ಕೇಳಿದ್ದು ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ. ಆಗ ಕಗ್ಗದಾಸಪುರ ನಿಜಕ್ಕೂ ಊರು. ಕೆರೆ, ರಾಗಿ ಹೊಲ, ನಮ್ಮ ಕೊಟ್ಟಿಗೆಯಲ್ಲಿ ಎಮ್ಮೆಗಳು. ಹಾಲು ವಿಮಾನಪುರದ ಕಾರ್ಖಾನೆ ಕ್ವಾರ್ಟರ್ಸಿಗೆ ಹೋಗುತ್ತಿತ್ತು. ಎಮ್ಮೆ ಬಹಳ ಮರ್ಜಿಯ ಪ್ರಾಣಿ. ನನ್ನ ಕೈ ಅಭ್ಯಾಸವಾದ ಮೇಲೆ ಬೇರೆ ಯಾರು ಕರೆಯಲು ಕೂತರೂ ಹಾಲು ಇಳಿಸುತ್ತಿರಲಿಲ್ಲ. ಅದನ್ನು ನಾನು ದೊಡ್ಡ ಮರ್ಯಾದೆ ಅಂದುಕೊಂಡಿದ್ದೆ. ಆ ಮರ್ಯಾದೆಯೇ ನನ್ನನ್ನು ಗೂಟಕ್ಕೆ ಕಟ್ಟಿತು. ತಿರುಪತಿಗೆ, ಘಾಟಿ ಸುಬ್ರಹ್ಮಣ್ಯಕ್ಕೆ, ಹೊಸಕೋಟೆಯ ಮದುವೆಗೆ, ಮೈಸೂರಿನ ದಸರೆಗೆ, ಮನೆಮಂದಿಯೆಲ್ಲ ಹೊರಟರೆ ನಿಲ್ಲುವವಳು ನಾನು.

ಬರೀ ಎಮ್ಮೆಯ ಮಾತೂ ಅಲ್ಲ. ಯಾತ್ರೆಗೆ ಹೋದವರ ಮನೆಗೆ ಬೀಗ ಬೀಳಬಾರದು, ದೀಪ ಹಚ್ಚುವುದಕ್ಕೆ ಒಂದು ಜೀವ ಇರಬೇಕು ಅನ್ನುವುದು ನಮ್ಮತ್ತೆಯ ನಂಬಿಕೆ. ಉಳಿದವಳಿಗೆ ಕಟ್ಟಳೆಗಳಿದ್ದವು. ಹೋದವರು ಕೆರೆ ಏರಿ ದಾಟುವ ತನಕ ಕಸ ಗುಡಿಸಬಾರದು, ಅವತ್ತು ತಲೆಗೆ ನೀರು ಹಾಕಿಕೊಳ್ಳಬಾರದು, ಅವರು ಬರುವವರೆಗೆ ಯಾರ ಜೊತೆಯೂ ಜಗಳ ಆಡಬಾರದು. ನೀನು ಮನೇಲಿ ನೆಟ್ಟಗಿದ್ರೆ ನಾವು ದಾರೀಲಿ ನೆಟ್ಟಗಿರ್ತೀವಿ ಅನ್ನುತ್ತಿದ್ದರು. ಒಮ್ಮೆ ಮಾಲೂರಿನ ಹತ್ತಿರ ಅವರ ವ್ಯಾನು ಪಂಕ್ಚರ್ ಆಯಿತು. ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ನನ್ನನ್ನು ಕೇಳಿದರು, ನೀನಿಲ್ಲಿ ಏನು ಮಾಡಿದೆ ಅಂತ. ಏನೂ ಮಾಡಿರಲಿಲ್ಲ. ಮೊಳೆ ಇದ್ದದ್ದು ಮಾಲೂರಿನಲ್ಲಿ, ನಾನಿದ್ದದ್ದು ಕೊಟ್ಟಿಗೆಯಲ್ಲಿ. ಕ್ಷೇಮವಾಗಿ ಬಂದರೆ ತಿಮ್ಮಪ್ಪನ ದಯೆ, ಎಡವಟ್ಟಾದರೆ ನನ್ನ ಕೈಗುಣ. ಈಗಿನ ಇನ್ಶೂರೆನ್ಸ್ ಕಂಪನಿಗಳು ಮುಂಗಡ ಹಣ ಕಟ್ಟಿಸಿಕೊಂಡು ಈ ಕೆಲಸಕ್ಕೆ ಒಪ್ಪುತ್ತವೆ. ನನಗೆ ಬರುತ್ತಿದ್ದದ್ದು ಅರ್ಧ ಲಾಡು, ಅಳತೆಗೆ ಸರಿಹೋಗದ ಬಳೆ.

ಪೂರ್ತಿ ಅಳುವಿನ ಕತೆ ಅಂದುಕೊಳ್ಳಬೇಡಿ. ಅವರೆಲ್ಲ ಹೋದ ಮೇಲೆ ಮನೆಗೆ ನಾನೇ ಯಜಮಾನಿ. ನಡುಮನೆಯಲ್ಲಿ ಕಾಲು ಚಾಚಿ ಮಲಗುತ್ತಿದ್ದೆ. ಮುದ್ದೆಗೆ ಉಪ್ಪುಸಾರು ಮಾಡಿಕೊಂಡು, ಮೊದಲು ನಾನೇ ಬಡಿಸಿಕೊಂಡು, ಆಮೇಲೆ ಇನ್ನೊಂದು ಸಲವೂ ಬಡಿಸಿಕೊಳ್ಳುತ್ತಿದ್ದೆ. ಸಂಜೆ ದೀಪ ಹಚ್ಚುವಾಗ ಮಾತ್ರ ಎಣ್ಣೆ ಸಾಕೋ ಇಲ್ಲವೋ ಅಂತ ಎರಡೆರಡು ಸಲ ನೋಡುತ್ತಿದ್ದೆ. ಅಷ್ಟು ಜನರ ಪ್ರಾಣ ನನ್ನ ಬತ್ತಿಯ ತುದಿಯಲ್ಲಿದೆಯಲ್ಲ ಅನ್ನಿಸುತ್ತಿತ್ತು. ಪ್ರತಿ ಸಲವೂ ಅವರೆಲ್ಲ ತಿರುಗಿ ಬಂದರು. ನನ್ನ ದೀಪದಿಂದಲೇ ಬಂದರು ಅನ್ನುವ ಗರ್ವ ಒಳಗೊಳಗೆ ಈಗಲೂ ಸ್ವಲ್ಪ ಇದೆ, ನಿಮಗೆ ಮಾತ್ರ ಹೇಳುತ್ತಿದ್ದೇನೆ. ಆಗ ವಿಮಾನ ನಿಲ್ದಾಣ ನಮ್ಮ ಪಕ್ಕದಲ್ಲೇ ಇತ್ತು. ತೊಳೆದ ಹಾಲಿನ ಕ್ಯಾನು ಬೋರಲು ಹಾಕುತ್ತಾ ತಲೆಯೆತ್ತಿ ನೋಡುತ್ತಿದ್ದೆ. ವಿಮಾನದ ಹೊಟ್ಟೆ ನನಗೆ ಚೆನ್ನಾಗಿ ಗೊತ್ತು. ಒಳಗೆ ಕಾಲಿಟ್ಟಿಲ್ಲ.

ವ್ಯಾನು ಹೊರಡುವಾಗ ಪುಟ್ಟ ಮುನಿರಾಜು ಅವನಜ್ಜಿಯ ತೊಡೆಯ ಮೇಲೆ ಕೂತು, ಅಮ್ಮನೂ ಬರಲಿ ಅಂತ ಅಳುತ್ತಿದ್ದ. ಅಮ್ಮ ಇಲ್ಲಿದ್ದರೆ ತಾನೇ ನಮಗೆ ಅಲ್ಲಿ ಏನೂ ಆಗಲ್ಲ ಅಂತ ನಮ್ಮತ್ತೆ ಅವನ ಕಣ್ಣು ಒರೆಸುತ್ತಿದ್ದರು. ಮಗು ಪಾಠವನ್ನು ಚೆನ್ನಾಗಿ ಕಲಿತುಬಿಟ್ಟಿತು. ಹೊಲ ಹೋಗಿ ಮೂರಂತಸ್ತಿನ ಮನೆ ಬಂತು, ಎಮ್ಮೆ ಹೋಗಿ ನೀರಿನ ಮೋಟರ್ ಬಂತು, ಅವನ ತಲೆ ಪೂರ್ತಿ ನರೆಯಿತು. ಪಾಠ ಮಾತ್ರ ಮರೆಯಲಿಲ್ಲ.

ಅದಕ್ಕೇ ಭಾನುವಾರ ಅವನ ಮುಖವನ್ನು ಸರಿಯಾಗಿ ನೋಡಿದೆ. ಅಲ್ಲಿದ್ದದ್ದು ಜಿಪುಣತನವಲ್ಲ, ಹೆದರಿಕೆ. ಅಜ್ಜಿ ಬರದಿದ್ದರೆ ಟಿಕೆಟ್ಟೇ ಬೇಡ ಅಂತ ಹರ್ಷಿತಾ ಜೋರು ಮಾಡಿದಳು. ಅವಳನ್ನು ಸುಮ್ಮನಿರಿಸಿದೆ. ನನ್ನ ಜಗಳವನ್ನು ಇನ್ನೊಬ್ಬರು ಆಡಿಕೊಡುವುದು ಬೇಡ. ಹೋದ ವರ್ಷ ನಾನು ಮಣಿಕಟ್ಟು ಮುರಿದುಕೊಂಡದ್ದು ಎಲ್ಲಿ ಅಂತ ಮಗನನ್ನು ಕೇಳಿದೆ. ನಮ್ಮದೇ ಬಚ್ಚಲಲ್ಲಿ. ಎದೆ ನೋವು ಬಂದದ್ದೆಲ್ಲಿ? ಅವನು ಕೂತಿದ್ದ ಆ ಸೋಫಾದ ಮೇಲೆ. ಮನೆಯಲ್ಲಿದ್ದವಳಿಗೆ ಏನೂ ಆಗುವುದಿಲ್ಲ ಅಂತ ಯಾವ ಕಂಪನಿ ಬರೆದುಕೊಡುತ್ತದೆ ಅಂದೆ.

“ಅದಲ್ಲಮ್ಮ,” ಅವನು ತಲೆ ಬಗ್ಗಿಸಿದ. “ನೀನು ಮನೇಲಿದೀಯ ಅಂದ್ರೆ ನಂಗೆ ಎಲ್ಲಿದ್ರೂ ಧೈರ್ಯ.”

“ನಂಗೂ ಒಂದ್ಸಲ ಆ ಧೈರ್ಯ ಬೇಕು ಕಣೋ,” ಅಂದೆ. “ಈ ಸಲ ನೀನಿರು.”

ಸುಜಾತ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಅವಳು ನನ್ನ ಪರ ವಹಿಸುವುದು ಅಪರೂಪ, ನಾನೂ ಅವಳ ಪರ ವಹಿಸಿದವಳಲ್ಲ. ತಲೆ ಎತ್ತದೆಯೇ ಗಂಡನಿಗೆ ಹೇಳಿದಳು: “ಮೋಟರ್ ಹಾಕೋಕೆ ನಿಮಗೂ ಬರುತ್ತಲ್ಲ ರೀ.”

ಅಲ್ಲಿಗೆ, ಹೋಗುವವರು ಯಾರು ಅನ್ನುವುದು ಮುಗಿಯಿತು, ನಾವು ಮೂವರು ಹೆಂಗಸರು. ಇನ್ಶೂರೆನ್ಸ್ ಬೇಕೋ ಬೇಡವೋ ಅನ್ನುವುದು ಉಳಿಯಿತು. ಬೇಡ ಅನ್ನುವುದೇ ನನ್ನ ಹಟವಾಗಿತ್ತು. ನನ್ನ ಬ್ಯಾಗಿನಲ್ಲಿ ಕಳೆಯುವುದಕ್ಕೇನಿದೆ, ನಾಲ್ಕು ಸೀರೆ, ಒಂದು ಡಬ್ಬಿ ಹುರಿಹಿಟ್ಟು. ಪ್ರಾಣವಂತೂ ಕಂಪನಿ ಕೊಟ್ಟದ್ದಲ್ಲ, ಹೋದರೆ ಅವರನ್ನು ಕೇಳುವುದೇನು. ಹೀಗೆಲ್ಲ ಬಾಯಿತುಂಬ ಹೇಳಬೇಕು ಅಂತಿದ್ದೆ. ಅಷ್ಟರಲ್ಲಿ ಹರ್ಷಿತಾ ನನ್ನ ಮಾತ್ರೆಗಳನ್ನು ದಿನಕ್ಕಿಷ್ಟು ಅಂತ ವಿಂಗಡಿಸುವುದಕ್ಕೆ ಕೂತಳು. ಅಲ್ಲಿ ನನಗೆ ಏನಾದರೂ ಆದರೆ, ಗುರುತಿಲ್ಲದ ಊರಿನ ಆಸ್ಪತ್ರೆಯಲ್ಲಿ ಬಿಲ್ಲಿನ ಮುಂದೆ ನಿಲ್ಲುವವಳು ಇವಳು. ಸಂತೋಷಕ್ಕೆ ಅಂತ ಕರೆದುಕೊಂಡು ಹೋದ ಮಗು, ಯಾಕಾದರೂ ಕರೆತಂದೆನೋ ಅಂತ ಒಂದು ಗಳಿಗೆಯೂ ಅಂದುಕೊಳ್ಳಬಾರದು. ಹಳೆಯ ಕಾಯಿಲೆಗೆ ಅವರು ಕೈಬಿಟ್ಟರೂ ಸರಿ, ಹೊಸದಕ್ಕಾದರೂ ಇವಳ ಬೆನ್ನಿಗೆ ಯಾರೋ ಇದ್ದ ಹಾಗಾಯಿತು. ಕೆಳಮನೆಯ ಬಾಡಿಗೆ ನನ್ನ ಕೈಗೇ ಬರುತ್ತದೆ, ಅದರಲ್ಲಿ ನಾನೇ ಕಟ್ಟುತ್ತೇನೆ ಅಂದೆ. ಇರುವ ಕಾಯಿಲೆಯನ್ನೆಲ್ಲ ಹೇಳಿಯೇ ಕಟ್ಟುತ್ತೇನೆ ಅಂತಲೂ ಅಂದೆ.

ಇವತ್ತು ಸೂಟ್‌ಕೇಸಿನಿಂದ ನಾನು ತಲೆ ಹೊರಗೆ ತೆಗೆಯುವ ಹೊತ್ತಿಗೆ ಆ ಕಂಪನಿಯಿಂದ ಫೋನು ಬಂತು. ಮಾತಾಡಿದ ಹುಡುಗಿ ಕನ್ನಡದವಳೇ. ಕಾಯಿಲೆಗಳನ್ನು ಕೇಳಿದಳು. ಶುಗರ್, ಸ್ಟೆಂಟು, ಮಣಿಕಟ್ಟು, ಎಲ್ಲವನ್ನೂ ಒಡವೆ ತೋರಿಸುವವಳ ಹಾಗೆ ಒಂದೊಂದೇ ತೆಗೆದಿಟ್ಟೆ. ಅವಳು ಕೇಳದೇ ಇದ್ದ ಮಂಡಿನೋವನ್ನೂ ಇಟ್ಟೆ. ಅದು ಬೇಡ ಅಜ್ಜಿ ಅಂದಳು. ಇರಲಿ, ಬರೆದುಕೋ ಅಂದೆ.

ಕೊನೆಗೆ ಅವಳು, “ಅಲ್ಲೇನಾದ್ರೂ ಆದ್ರೆ ಇಲ್ಲಿ ಯಾರಿಗೆ ಫೋನ್ ಮಾಡ್ಬೇಕು ಅಜ್ಜಿ? ಮನೇಲಿರೋರ ಹೆಸರು ಹೇಳಿ,” ಅಂದಳು.

ನಾನು ಮಗನ ಕಡೆ ನೋಡಿದೆ.

“ಮುನಿರಾಜು,” ಅಂದೆ. “ನನ್ನ ಮಗ. ಮನೇಲೇ ಇರ್ತಾನೆ.”

ಎದುರಿಗೆ ಕಾಫಿ ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟು, ಫೋನು ಈಚೆ ಕೊಡು ಅಂತ ಕೈ ಚಾಚಿದ. ತನ್ನ ನಂಬರನ್ನು ಒಂದೊಂದೇ ಅಂಕಿ ಬಿಡಿಸಿ ಹೇಳಿದ. ಸರಿಯಾಗಿ ಬರೆದುಕೊಂಡಿರಾ ಅಂತ ಕೇಳಿದ. ಅವಳು ಹೂಂ ಅಂದಿರಬೇಕು. ಆದರೂ ಮೊದಲಿಂದ ಇನ್ನೊಂದು ಸಲ ಹೇಳಿದ.