ಬೇರಿಂಗ್ ಕೆರೆದ ಕೈ

ಬಿನ್ನಿಪೇಟೆಯ ಚಿಕ್ಕಮುನಿಯಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದರು. ಲೋಹ ಕಡೆಯುವ ಲೇಥ್ ಯಂತ್ರಗಳ ಬೇರಿಂಗನ್ನು ಕೈಯಿಂದ ಕೆರೆದು ಕೂರಿಸುವುದರಲ್ಲಿ ಅವರದು ಎತ್ತಿದ ಕೈ. ಹೊಸ ಯಂತ್ರಗಳು ಬಂದ ಮೇಲೆ ಆ ಕೆಲಸ ಯಾರಿಗೂ ಬೇಡವಾಯಿತು. ಕೊನೆಯ ಆರು ವರ್ಷ ಸ್ಟೋರ್ಸಿನಲ್ಲಿ ಕೂತು ಬೋಲ್ಟು, ನಟ್ಟು ಕೊಡುತ್ತಿದ್ದರು.

ಹಾಗಾಗಿ ಬಸವೇಶ್ವರನಗರದ ಮುರಳೀಕೃಷ್ಣ ಹುಡುಕಿಕೊಂಡು ಬಂದಾಗ ಅವರಿಗೆ ಹಿಗ್ಗಾಯಿತು. ಕಾಲೇಜು ಮೇಷ್ಟರಾಗಿ ನಿವೃತ್ತರಾಗಿದ್ದ ಇವರು ಹವ್ಯಾಸಕ್ಕೆಂದು ಹಳೆಯ ಪುಟ್ಟ ಲೇಥ್ ಒಂದನ್ನು ತಂದು ಕಾರ್ ಶೆಡ್ಡಿನಲ್ಲಿ ಇಟ್ಟುಕೊಂಡಿದ್ದರು. ಅದರ ತಿರುಗುವ ದಂಡವಾದ ಸ್ಪಿಂಡಲ್ಲಿಗೆ ಆಸರೆಯಾಗಿ ಹೊಸ ಕಂಚಿನ ಬೇರಿಂಗ್ ಮಾಡಿಸಿದ್ದರೂ ಕೂರಿಸಲು ಬಂದಿರಲಿಲ್ಲ.

ಚಿಕ್ಕಮುನಿಯಪ್ಪ ಐದು ವಾರ ದಿನಾ ಬೆಳಗ್ಗೆ ಬಸ್ಸು ಹಿಡಿದು ಹೋದರು. ಸ್ಪಿಂಡಲ್ಲಿಗೆ ನೀಲಿ ಬಣ್ಣ ತೆಳ್ಳಗೆ ಸವರಿ, ಬೇರಿಂಗಿನಲ್ಲಿಟ್ಟು ತಿರುಗಿಸಿ ಎತ್ತುವರು. ಕಂಚಿಗೆ ಬಣ್ಣ ಅಂಟಿದ ಕಡೆ ಉಬ್ಬಿದೆ ಎಂದರ್ಥ, ಅಷ್ಟನ್ನೇ ಕೆರೆಯುವರು. ಮತ್ತೆ ಬಣ್ಣ, ಮತ್ತೆ ಕೆರೆತ. ಕೊನೆಗೊಂದು ದಿನ ನೀಲಿ ಚುಕ್ಕೆ ಎಲ್ಲ ಕಡೆ ಒಂದೇ ಸಮ ಮೂಡಿತು. ಎಣ್ಣೆ ನಿಲ್ಲುವಷ್ಟು ಸಂದಿಗಾಗಿ ಬೇರಿಂಗಿನ ಮುಚ್ಚಳದ ಕೆಳಗೆ ತೆಳು ತಗಡು ಕೊಟ್ಟು ಬಿಗಿದರು. ಬೆರಳಲ್ಲಿ ದೂಡಿದರೆ ಸ್ಪಿಂಡಲ್ ಸದ್ದಿಲ್ಲದೆ ತಿರುಗಿತು.

ಮುರಳೀಕೃಷ್ಣ ಇದನ್ನೆಲ್ಲ ವಿಡಿಯೊ ಮಾಡಿಕೊಂಡಿದ್ದರು. ವಾರದ ನಂತರ ಚಿಕ್ಕಮುನಿಯಪ್ಪನವರ ಮೊಮ್ಮಗಳು ಅನು ಅದನ್ನು ಮೊಬೈಲಿನಲ್ಲಿ ತೋರಿಸಿದಳು. ಮುಖ ಎಲ್ಲೂ ಇಲ್ಲ, ಕೈ ಮಾತ್ರ. "ಐದು ವಾರ ಕೂತು ನಾನೇ ಕೆರೆದೆ" ಎನ್ನುವ ಮುರಳೀಕೃಷ್ಣರ ದನಿ.

"ತಾತ, ಇದು ನಿನ್ ಕೈ ಅಲ್ವಾ?"

"ನಂದೇ ಕಣಮ್ಮ."

ಮರುದಿನ ಹೋಗಿ ಕೇಳಿದರು. "ಸಾರ್, ನನ್ ಹೆಸರೇ ಬರ್ಲಿಲ್ವಲ್ಲ?"

"ಅಯ್ಯೋ, ನೋಡೋರಿಗೆ ಅದೆಲ್ಲ ಯಾಕೆ ಮುನಿಯಪ್ಪನವರೇ? ನಿಮಗೆ ಕೊಡೋದು ಕೊಟ್ಟಿದೀನಲ್ಲ."

ಚಿಕ್ಕಮುನಿಯಪ್ಪ ಬಸ್ಸು ಹಿಡಿದು ಮನೆಗೆ ಬಂದರು.

ಎರಡು ತಿಂಗಳಿಗೆ ಫೋನ್ ಬಂತು. ಇನ್ನೂ ಬಿಗಿಯಾಗಲೆಂದು ಮುರಳೀಕೃಷ್ಣ ತಗಡು ತೆಗೆದು ಯಂತ್ರ ಓಡಿಸಿದ್ದರು, ಎಣ್ಣೆಗೆ ಸಂದಿಯಿಲ್ಲದೆ ಸ್ಪಿಂಡಲ್ ಕಚ್ಚಿಕೊಂಡಿತ್ತು. ಹೋಗಬಾರದು ಎಂದುಕೊಂಡೇ ಚಿಕ್ಕಮುನಿಯಪ್ಪ ಹೋದರು. ಮುಚ್ಚಳ ಬಿಚ್ಚಿದರೆ ಕಂಚಿನ ತುಂಬ ಆಳದ ಗೀರು, ಸುಟ್ಟ ಕಪ್ಪು. ನೋಡಿ ಖುಷಿಯಾಗಬಹುದು ಎಂದುಕೊಂಡಿದ್ದರು. ಖುಷಿಯಾಗಲಿಲ್ಲ, ಗೀರಿನ ಮೇಲೆ ಬೆರಳಾಡಿಸಿದರು.

"ಸೋಮವಾರದಿಂದ ಬನ್ನಿ," ಎಂದರು ಮುರಳೀಕೃಷ್ಣ. "ಬೇರೆ ಕಂಚು ಮಾಡಿಸ್ತೀನಿ. ಈ ಸಲ ನಿಮ್ ಹೆಸರೂ ಹಾಕ್ತೀನಿ."

"ಬೇಡ ಸಾರ್. ಹೋದ ಸಲ ನೀವೇ ಕೆರೆದಿದ್ದಲ್ವಾ? ಈ ಸಲಾನೂ ನೀವೇ ಕೆರ್ಕೊಳಿ."

ಮನೆಯಲ್ಲಿ ಇದನ್ನು ಕೇಳಿದ ಹೆಂಡತಿ ರಾಮಕ್ಕ, "ಒಳ್ಳೇ ಮಾತೇ ಹೇಳಿದ್ರಿ ಬಿಡಿ" ಎಂದರು. ಚಿಕ್ಕಮುನಿಯಪ್ಪ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಸೋಮವಾರ ಬೆಳಗ್ಗೆ ಅವರು ಆರಕ್ಕೇ ಸ್ನಾನ ಮಾಡಿ, ಕೆಲಸದ ಷರಟು ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದರು.

"ಎಲ್ಲಿಗೆ ಹೊರಟ್ರಿ?" ರಾಮಕ್ಕ ಕೇಳಿದರು.

"ಎಲ್ಲಿಗೂ ಇಲ್ಲ."

ಆಮೇಲೆ ಬೇರಿಂಗ್ ಕೆರೆಯುವ ಕೆಲಸಕ್ಕೆ ಅವರನ್ನು ಯಾರೂ ಕರೆಯಲಿಲ್ಲ.